ಮೊದಲು ಏನೂ ಇಲ್ಲದ ಕಡೆ

ಸತ್ತವರ ಮುಖವನ್ನು ಕೊನೆಯ ಸಲ ನೋಡಬೇಕು ಎನ್ನುತ್ತಾರೆ. ನಾನು ನೋಡಿದ್ದು ಹೆಬ್ಬೆರಳನ್ನು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅವರ ಮನೆ. ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಮುಖವೇನೋ ಶಾಂತವಾಗಿತ್ತು, ಆದರೆ ಬದುಕಿದ್ದಾಗಲೂ ಅದು ಹಾಗೇ ಇದ್ದದ್ದರಿಂದ ಅದಕ್ಕೆ ವಿಶೇಷ ಅರ್ಥ ಕೊಡುವಂತಿರಲಿಲ್ಲ. ಬಲಗೈ ಮಾತ್ರ ಹೊದಿಕೆಯಿಂದ ಈಚೆ ಬಂದಿತ್ತು. ಹೆಬ್ಬೆರಳು ತೋರುಬೆರಳಿನ ಮಗ್ಗುಲಿಗೆ ಬಲವಾಗಿ ಒತ್ತಿಕೊಂಡಿತ್ತು. ನೆರೆದಿದ್ದವರಲ್ಲಿ ಅದರ ಅರ್ಥ ತಿಳಿದಿದ್ದವರು ಇಬ್ಬರೇ: ಚಿಂತಾಮಣಿಯಿಂದ ಗಂಡನಿಗಿಂತ ಮುಂಚೆ ಬಂದಿದ್ದ ಅವರ ಮಗಳು ಮತ್ತು ನಾನು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನೆ ನಿಂತೆವು. ಆ ಬೆರಳು ಒತ್ತಿಕೊಂಡಿರುವ ತನಕ ಆ ಮನೆಯಲ್ಲಿ ಬೇರೆಯವರು ಮಾತಾಡುವಂತಿರಲಿಲ್ಲ.

ಅವರು ವೈರ್‌ಲೆಸ್ ಇಲಾಖೆಯಲ್ಲಿದ್ದವರು. ಮೂವತ್ತಕ್ಕೂ ಹೆಚ್ಚು ವರ್ಷ ಒಂದು ಬೆಟ್ಟದ ತುದಿಯ ಕೋಣೆಯಲ್ಲಿ ಕೂತು, ದೂರದವರ ಮಾತನ್ನು ಇನ್ನೂ ದೂರದವರಿಗೆ ದಾಟಿಸಿದವರು. ಅಲ್ಲಿಯ ಸೆಟ್ಟಿನಲ್ಲಿ ಗುಂಡಿ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಿಸಿಕೊಳ್ಳಬಹುದು. ಎರಡೂ ಒಟ್ಟಿಗೆ ಆಗದು. ನಿವೃತ್ತಿಯ ದಿನ ಇಲಾಖೆ ಸೆಟ್ಟನ್ನು ವಾಪಸು ಇಟ್ಟುಕೊಂಡು ಹೆಬ್ಬೆರಳನ್ನು ಮಾತ್ರ ಅವರಿಗೆ ಬಿಟ್ಟುಕೊಟ್ಟಿತು. ಆಮೇಲೂ ಅವರು ಬೆರಳು ಒತ್ತಿಕೊಂಡೇ ಮಾತಾಡುತ್ತಿದ್ದರು. ಮಾತು ಮುಗಿದ ಮೇಲೆ ಬೆರಳು ಸಡಿಲಿಸಿ, ಎದುರಿನವರನ್ನು ನೋಡುತ್ತ, ಗೋಡೆ ಗಡಿಯಾರ ಕೂಡ ಮುಜುಗರಪಡುವಷ್ಟು ಹೊತ್ತು ಕಾಯುತ್ತಿದ್ದರು. ಮನೆಗೆ ಬಂದ ಅಳಿಯ ಮೊದಲ ವರ್ಷವಿಡೀ ಮಾವನಿಗೆ ತನ್ನ ಮೇಲೆ ಕೋಪ ಎಂದುಕೊಂಡಿದ್ದನಂತೆ. ಯಾರೋ ಬೆರಳು ತೋರಿಸಿಕೊಟ್ಟ ಮೇಲೆ ಸಂಸಾರ ಸರಿಹೋಯಿತು.

ನನಗೆ ಅವರ ಪರಿಚಯವಾದದ್ದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ನಾನು ಅಲ್ಲಿ ನಕಲು ಕೊಡುವ ಗುಮಾಸ್ತ. ಹಳೆಯ ದಾಖಲೆ ನೋಡಿ ಪ್ರತಿ ಬರೆದು, ಕೆಳಗೆ ‘ನಿಜ ಪ್ರತಿ’ ಎಂದು ಷರಾ ಹಾಕಿ ಮೊಹರು ಒತ್ತುವುದು ನನ್ನ ಜೀವಮಾನದ ಸಾಧನೆ. ಸಾವಿರಾರು ಜನ ಆ ಪ್ರತಿಗಳನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದರು. ಮೂಲದ ಜೊತೆ ಹೋಲಿಸಿ ನೋಡಬೇಕು ಎಂದು ಕೇಳಿದವರು ಇವರೊಬ್ಬರೇ. ಜಂಗಮಕೋಟೆಯ ಹತ್ತಿರದ ತಮ್ಮ ಹಿಪ್ಪುನೇರಳೆ ತೋಟದ ಪಹಣಿಯನ್ನು ಅಕ್ಷರ ಅಕ್ಷರ ಹೋಲಿಸಿ, ಅರ್ಧ ಗುಂಟೆಯ ತಪ್ಪು ಹಿಡಿದರು.

“ನಿಜ ಪ್ರತಿ ಅಂತ ಬರ್ದಿದೀರಲ್ಲ ಗುಮಾಸ್ತರೇ, ನಿಜ ಅಂತ ನಿಮಗೆ ಹೆಂಗೆ ಗೊತ್ತು?”

“ನಾನೇ ಬರ್ದಿದ್ದು ಸಾರ್.”

“ಅದು ಕಾರಣ ಅಲ್ಲ. ಅದು ಅನುಮಾನ,” ಎಂದು ಬೆರಳು ಸಡಿಲಿಸಿದರು.

ಅವಮಾನವಾಗಬೇಕಿತ್ತು. ಸ್ನೇಹವಾಯಿತು.

ನಿವೃತ್ತಿಯ ನಂತರ ಸಾರ್‌ಗೆ (ನಾನು ಅವರನ್ನು ಕರೆಯುತ್ತಿದ್ದುದೇ ಹಾಗೆ) ಒಂದು ಕಸುಬು ತಾನಾಗಿ ಅಂಟಿಕೊಂಡಿತ್ತು. ಏನನ್ನಾದರೂ ಪತ್ತೆಹಚ್ಚುತ್ತದೆ ಎಂದು ಹೇಳಿಕೊಳ್ಳುವ ಮಿಷನ್ನು ಯಾರಾದರೂ ಕೊಂಡರೆ, ಅಥವಾ ಕೊಳ್ಳುವ ಮುಂಚೆ ಪುಣ್ಯವಶಾತ್ ಬುದ್ಧಿ ಬಂದರೆ, ಇವರ ಬಳಿ ತರುತ್ತಿದ್ದರು. ಪೆರೇಸಂದ್ರದ ಹೆದ್ದಾರಿ ಪಕ್ಕದ ಲಾಡ್ಜಿನವರೊಬ್ಬರು ಕಳ್ಳ ಕ್ಯಾಮೆರಾ ಹುಡುಕುವ ಪೆನ್ನಿನಂಥ ಸಾಧನ ತಂದಿದ್ದರು. ಅದು ಟ್ಯೂಬ್‌ಲೈಟಿಗೂ ಕೂಗುತ್ತಿತ್ತು, ಫ್ರಿಜ್ಜಿಗೂ ಕೂಗುತ್ತಿತ್ತು. ಎದುರಿಗೇ ಇಟ್ಟ ಕ್ಯಾಮೆರಾದ ಮುಂದೆ ಮಾತ್ರ ಸಂಕೋಚದಿಂದ ಸುಮ್ಮನಿತ್ತು. ಇನ್ನೊಬ್ಬರು ನಿಧಿ ತೋರಿಸುವ ಯಂತ್ರ ತಂದಿದ್ದರು. ಪಿಸ್ತೂಲಿನಂಥ ಹಿಡಿ, ಮುಂದಕ್ಕೆ ಉದ್ದನೆಯ ಆಂಟೆನಾ. ಅವರ ಅಪ್ಪಣೆ ಪಡೆದೇ ಸಾರ್ ಅದರ ತಿರುಪು ಬಿಚ್ಚಿದರು. ಒಳಗೆ ಒಂದು ಸಣ್ಣ ಬಲ್ಬು, ಒಂದು ಬ್ಯಾಟರಿ. ಆಂಟೆನಾದಿಂದ ಒಳಗೆ ಬಂದ ತಂತಿ ಎಲ್ಲಿಗೂ ಸೇರಿರಲಿಲ್ಲ. ನಡುದಾರಿಯಲ್ಲಿ ನಿಂತು ಏನೋ ಮರೆತವರಂತೆ ಗಾಳಿಯಲ್ಲಿ ನೋಡುತ್ತಿತ್ತು.

ಅವರ ಪರೀಕ್ಷೆಯ ಕ್ರಮ ಒಂದೇ. “ಮೊದಲು ಏನೂ ಇಲ್ಲದ ಕಡೆ ಹಿಡೀರಿ. ಅಲ್ಲಿ ಸುಮ್ನಿದ್ರೆ ಆಮೇಲೆ ಮಾತಾಡಣ.” ಮಾರಲು ಬಂದವರಿಗೆ ಪ್ರಶ್ನೆಯೂ ಒಂದೇ: “ಇಲ್ಲಿ ಏನೂ ಇಲ್ಲ ಅಂತ ಇದುವರೆಗೂ ಎಷ್ಟು ಮನೇಲಿ ಹೇಳಿದೀರಪ್ಪ?” ಈ ಪ್ರಶ್ನೆಗೆ ಉತ್ತರವಿದ್ದವರು ಕಡಿಮೆ. ಬೆಂಗಳೂರಿನಿಂದ ಬಂದಿದ್ದ ಒಬ್ಬರು ಮಾತ್ರ, “ಹೆಚ್ಚುಕಮ್ಮಿ ಎಲ್ಲಾ ಮನೇಲೂ ಅದನ್ನೇ ಹೇಳ್ತೀನಿ ಸಾರ್, ಟವರ್ ಇದೆ, ನಿಮ್ಮ ಫೋನ್ ಇದೆ, ಬೇರೆ ಏನಿಲ್ಲ ಅಂತೀನಿ, ಬೈದು ಕಳಿಸ್ತಾರೆ” ಎಂದರಂತೆ. ಅವರನ್ನು ಸಾರ್ ಊಟಕ್ಕೆ ಕೂರಿಸಿ, ಎರಡು ಸಲ ತುಪ್ಪ ಹಾಕಿಸಿದರು.

ನಮ್ಮ ಕಡೆಯವರಂತೆ ಅವರ ಮಾತಿನಲ್ಲೂ ತೆಲುಗು ನುಸುಳುತ್ತಿತ್ತು. ತೀರ್ಪು ಹೇಳುವಾಗಲಂತೂ ಪೂರಾ ತೆಲುಗೇ: “ಉನ್ನದಿ ಲೇದಂಟೆ ತಪ್ಪು, ಲೇನಿದಿ ಉಂದಂಟೆ ಪಾಪಂ.” ಇರುವುದನ್ನು ಇಲ್ಲ ಎಂದರೆ ತಪ್ಪು, ಇಲ್ಲದ್ದನ್ನು ಇದೆ ಎಂದರೆ ಪಾಪ. ತಪ್ಪಿಗೂ ಪಾಪಕ್ಕೂ ನಡುವೆ ಎಷ್ಟು ಅಂತರ ಎಂದು ನಾನು ಆಗ ಕೇಳಲಿಲ್ಲ. ಕೇಳಬೇಕಿತ್ತು.

ಆ ‘ಏನೂ ಇಲ್ಲದ ಕಡೆ’ ಅವರ ತೋಟದ ಹುಳದ ಮನೆ. ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ, ಮಣ್ಣಿನ ದಪ್ಪ ಗೋಡೆಯ, ಮುಂದೊಂದು ಹಿಂದೊಂದು ಬಾಗಿಲಿರುವ ಉದ್ದನೆಯ ಮನೆ. ಹೆಂಡತಿ ತೀರಿಕೊಂಡ ಮೇಲೆ ಸಾಕಣೆ ನಿಲ್ಲಿಸಿ, ಕರೆಂಟು ಕೂಡ ತೆಗೆಸಿದ್ದರು. ಬಿದಿರಿನ ತಟ್ಟೆಗಳು ಮಾತ್ರ ಅಟ್ಟಣೆಯ ಮೇಲೆ ಸಾಲಾಗಿ ಹಾಗೇ ಇದ್ದವು. ಹೊರಗೆ ಹನ್ನೆರಡು ಗಂಟೆಯ ಬಿಸಿಲು ಸುಡುತ್ತಿದ್ದರೂ ಒಳಗೆ ಕಾಲಿಟ್ಟರೆ ಬೆನ್ನು ತಣ್ಣಗಾಗುತ್ತಿತ್ತು. ಪರೀಕ್ಷೆಗೆಂದು ಅವರ ಜೊತೆ ನಾನು ನಾಲ್ಕೈದು ಸಲ ಹೋಗಿದ್ದೆ. ಪ್ರತಿ ಸಲವೂ ಎರಡು ಸಂಗತಿ ಕಣ್ಣಿಗೆ ಬೀಳುತ್ತಿದ್ದವು. ಒಂದು, ಒಳಗೆ ಹೋಗುವ ಮುಂಚೆ ಸಾರ್ ತಮ್ಮ ಕಿವಿಯ ಮಿಷನ್ನನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಎರಡು, ಹುಳವೇ ಇಲ್ಲದ ಆ ಮನೆಯ ಕೆಳಗಿನ ತಟ್ಟೆಗಳಲ್ಲಿ ಹಸಿ ಸೊಪ್ಪು ಹರಡಿರುತ್ತಿತ್ತು. ಕೇಳಲು ಹೋದರೆ ಬೆರಳು ಒತ್ತಿಕೊಂಡು, ಏನೂ ಹೇಳದೆ ನಿಲ್ಲುತ್ತಿದ್ದರು. ಲೈನು ಅವರ ಕೈಯಲ್ಲಿ. ನಾವು ಏನು ಮಾಡಲು ಸಾಧ್ಯ?

ಇಷ್ಟರಲ್ಲಿ ನಮ್ಮಕ್ಕನ ವಿಷಯ ಬಂತು.

ಅಕ್ಕ ಗೌರಿಬಿದನೂರಿನಲ್ಲಿ ಹೆಡ್ ಮಿಸ್ಸಾಗಿದ್ದು ನಿವೃತ್ತಳಾದವಳು. ಮದುವೆಯಾಗಲಿಲ್ಲ, ಮೂರು ತಲೆಮಾರಿನ ಮಕ್ಕಳನ್ನು ಕಣ್ಣಿನಲ್ಲೇ ಸುಮ್ಮನಿರಿಸಿದ ಹೆಂಗಸಿಗೆ ಅದರ ಅಗತ್ಯ ಕಂಡಿರಲಿಲ್ಲ. ನಾನು ಆಗಲೇ ನಿವೃತ್ತನಾಗಿ ಚಿಕ್ಕಬಳ್ಳಾಪುರದಲ್ಲಿದ್ದೆ. ಒಂದು ಬೆಳಗ್ಗೆ ಅಕ್ಕನ ಮನೆಗೆ ಹೋಗಿ ಕಾಫಿ ಕುಡಿಯುತ್ತ ಕೂತಿದ್ದಾಗ ಅಡುಗೆಮನೆಯ ಪ್ರೆಷರ್ ಕುಕ್ಕರಿನೊಳಗಿಂದ ದೇವರನಾಮ ಕೇಳಿಸಿತು. ಅಕ್ಕ ಎದ್ದು ಹೋಗಿ, ಮುಚ್ಚಳ ತೆಗೆದು, ಒಳಗಿನಿಂದ ಫೋನ್ ಎತ್ತಿ “ಹಲೋ” ಎಂದಳು. ಮಾತು ಮುಗಿಸಿ ಮತ್ತೆ ಕುಕ್ಕರಿಗೆ ಹಾಕಿ ಮುಚ್ಚಿದಳು.

“ಇದೇನಕ್ಕಾ?”

“ಮೆಲ್ಲಗೆ ಮಾತಾಡೋ. ಕೇಳಿಸ್ಕೋತಾರೆ.”

ವಿಷಯ ಇಷ್ಟು. ಕೆಲವು ತಿಂಗಳಿಂದ ಅಕ್ಕನ ಎಡಗಡೆ, ಕಿವಿಗೂ ದವಡೆಗೂ ನಡುವೆ, ‘ಗುಂಯ್’ ಎಂದು ಸದ್ದು. ಹಗಲೂ ಇರುಳೂ. ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ, ಮೈಯಲ್ಲಿ ಅಡಗಿಸಿಟ್ಟ ಸಿಗ್ನಲ್ ಪತ್ತೆಹಚ್ಚುವ ಸ್ಕ್ಯಾನಿಂಗ್‌ನವರನ್ನು ಕರೆಸಿದ್ದಾಳೆ. ಕಪ್ಪು ಟೀ ಶರ್ಟು, ಕತ್ತಿನಲ್ಲಿ ಗುರುತಿನ ಚೀಟಿ, ಕೈಯಲ್ಲಿ ಸೂಟ್‌ಕೇಸು ಹಿಡಿದ ಇಬ್ಬರು ಬಂದು ಮೈಯೆಲ್ಲ ಮಿಷನ್ ಆಡಿಸಿದ್ದಾರೆ. ಎಡ ದವಡೆಯ ಹತ್ತಿರ ಅದು ಕೂಗಿದೆ. ಎಂದೋ ಹಲ್ಲಿಗೆ ಸಿಮೆಂಟು ತುಂಬಿಸಿದಾಗ ಒಳಗೆ ಏನೋ ಕೂರಿಸಿದ್ದಾರೆ, ಶುಕ್ರವಾರ ನಮ್ಮ ಡಾಕ್ಟರೇ ಮನೆಗೆ ಬಂದು ಮೂರು ದವಡೆಹಲ್ಲು ತೆಗೆದು, ಎಲುಬು ಸ್ವಲ್ಪ ಕೊರೆದು ಕ್ಲಿಯರ್ ಮಾಡುತ್ತಾರೆ ಎಂದಿದ್ದಾರೆ. ಅಲ್ಲಿಯ ತನಕ ಫೋನನ್ನು ಮುಚ್ಚಳವಿರುವ ಲೋಹದ ಪಾತ್ರೆಯಲ್ಲಿಡಿ ಎಂದೂ ಹೇಳಿದ್ದಾರೆ. ಅಕ್ಕ ಒಪ್ಪಿದ್ದಾಳೆ.

“ನಿಂಗೆ ಎಲ್ಲೋ ಹುಚ್ಚು,” ಎಂದೆ. ತಮ್ಮಂದಿರು ಆಡಬಾರದ ಮಾತು.

“ಹುಚ್ಚು ಅಂತೀಯ ಅಂತ ಗೊತ್ತಿತ್ತು ಕಣೋ. ಅದಕ್ಕೇ ನಿಂಗೆ ಹೇಳಿರಲಿಲ್ಲ. ಸದ್ದು ನಿನ್ನ ತಲೇಲಿ ಇದ್ದಿದ್ರೆ ಗೊತ್ತಾಗ್ತಿತ್ತು. ನಾನು ಮಲಗಿ ಎಷ್ಟು ದಿನ ಆಯ್ತು ಗೊತ್ತಾ?”

ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಜೀವನದಲ್ಲಿ ಮೊದಲ ಸಲ ಅಕ್ಕ ಹೆದರಿದ್ದನ್ನು ನೋಡಿದೆ. ಅವಳನ್ನು ಹೆದರಿಸಬಲ್ಲದ್ದು ಈ ಜಿಲ್ಲೆಯಲ್ಲಿ ಏನಿದ್ದೀತು ಎಂದು ನನಗೂ ಸ್ವಲ್ಪ ಹೆದರಿಕೆಯಾಯಿತು.

ಸಾರ್‌ಗೆ ಹೇಳಿದೆ. ಅವರು ನಗಲಿಲ್ಲ, ಅಯ್ಯೋ ಎನ್ನಲಿಲ್ಲ. ಅಕ್ಕನ ಜೊತೆ ಫೋನಿನಲ್ಲಿ, ಅಂದರೆ ಕುಕ್ಕರಿನ ಮೂಲಕ, ಎರಡೇ ಮಾತಾಡಿದರು: “ನಿಮಗೆ ಕೇಳ್ಸುತ್ತೆ ಅನ್ನೋದು ನಿಜ ತಾಯಿ. ಅದರಲ್ಲಿ ಪರೀಕ್ಷೆ ಮಾಡೋದೇನಿಲ್ಲ. ಮಿಷನ್‌ಗೆ ಕೇಳ್ಸುತ್ತಾ, ಅದನ್ನ ನೋಡಣ. ಹಲ್ಲು ತೆಗ್ಯೋ ಮುಂಚೆ ಅವರನ್ನ ಒಂದ್ಸಲ ನಮ್ಮ ತೋಟಕ್ಕೆ ಕರೀರಿ.”

ಸರಿಯಾದ ಪ್ರಶ್ನೆ ಕೇಳಿದವರಿಗೆ ಅಕ್ಕ ಯಾವಾಗಲೂ ಅಂಕ ಕೊಡುತ್ತಿದ್ದಳು. ತೋಟಕ್ಕೆ ಬರದಿದ್ದರೆ ಹಲ್ಲಿಲ್ಲ ಎಂದು ಸ್ಕ್ಯಾನಿಂಗ್‌ನವರಿಗೆ ಹೇಳಿದಳು. ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಅವರು ಸೂಟ್‌ಕೇಸ್ ಸಮೇತ ಜಂಗಮಕೋಟೆಗೆ ಬಂದರು.

ಸಾರ್ ಮೊದಲು ಅವರಿಗೆ ಟೀ ಕೊಟ್ಟರು. ಮೋಸಗಾರರು ಎಂದು ತೀರ್ಮಾನವಾಗುವ ತನಕ ಅತಿಥಿಗಳು ಎಂಬುದು ಅವರ ನಿಯಮ. ಆಮೇಲೆ ಕೇಳಿದರು: “ಇದು ಯಾವ ಫ್ರೀಕ್ವೆನ್ಸಿ ಹಿಡಿಯುತ್ತಪ್ಪ?”

“ಎಲ್ಲಾನೂ ಸಾರ್.”

“ಎಲ್ಲಾನೂ ಹಿಡಿಯೋದು ಭಗವಂತ. ಇದು?”

ಇಬ್ಬರಲ್ಲಿ ದಪ್ಪಗಿದ್ದವನು, “ಅದು ಕಂಪನಿ ಸೀಕ್ರೆಟ್ ಸಾರ್” ಎಂದು ಲ್ಯಾಮಿನೇಷನ್ ಮಾಡಿಸಿದ ಸರ್ಟಿಫಿಕೇಟು ತೋರಿಸಿದ. ನಾನು ಕಸುಬಿನ ಕಣ್ಣಿನಿಂದ ನೋಡಿದೆ. ಮೊಹರು ಎಷ್ಟು ಚೆನ್ನಾಗಿತ್ತೆಂದರೆ, ಅಸಲಿ ಮೊಹರು ಯಾವುದೂ ಅಷ್ಟು ಚೆನ್ನಾಗಿ ಬಿದ್ದದ್ದನ್ನು ನಾನು ಕಂಡಿಲ್ಲ.

ಪರೀಕ್ಷೆ ಹೀಗೆ. ಹುಳದ ಮನೆಯ ನಡುವೆ ಗೋಣಿಚೀಲದ ಪರದೆ. ಈಚೆ ಕಡೆ ಮಿಷನ್ ಹಿಡಿದ ಇಬ್ಬರು, ಬರೆದುಕೊಳ್ಳಲು ನಾನು. ಆಚೆಗೆ ಒಂದು ಕುರ್ಚಿ. ಹಿಂಬಾಗಿಲ ಹೊರಗೆ, ಅಕ್ಕ ಬಂದ ಕಾರಿನ ಪಕ್ಕ, ಸಾರ್ ಒಂದು ಬಟ್ಟೆಯ ಚೀಲ ಹಿಡಿದು ನಿಂತಿರುತ್ತಾರೆ. ಅದರಲ್ಲಿ ಐದು ಬಿಳಿ ರೇಷ್ಮೆಗೂಡು, ಐದು ಹಳದಿ. ನೋಡದೆ ಕೈಹಾಕಿ ಒಂದು ತೆಗೆಯುವುದು. ಬಿಳಿ ಬಂದರೆ ಅಕ್ಕ ಸದ್ದಿಲ್ಲದೆ ಬಂದು ಕುರ್ಚಿಯಲ್ಲಿ ಕೂರುವುದು. ಹಳದಿ ಬಂದರೆ ಕುರ್ಚಿ ಖಾಲಿ. ಕುರ್ಚಿಯಲ್ಲಿ ಆ ದವಡೆ ಇದೆಯೋ ಇಲ್ಲವೋ, ಮಿಷನ್ ಹೇಳಬೇಕು. ಹತ್ತು ಸಲ.

ಮೊದಲ ಸಲವೇ ಮಿಷನ್ ಕೂಗಿತು. “ಬಂತು ನೋಡಿ ಸಾರ್, ಸ್ಟ್ರಾಂಗ್ ಇದೆ!” ಎಂದ ದಪ್ಪಗಿನವನು. ನಾನು ಬರೆದುಕೊಂಡೆ. ಎರಡನೇ ಸಲವೂ ಕೂಗಿತು. ಮೂರನೇ ಸಲವೂ. ಆ ತಣ್ಣನೆಯ ಕತ್ತಲೆಯಲ್ಲಿ, ಪರದೆಯ ಆಚೆ ಯಾರಿದ್ದಾರೋ ಇಲ್ಲವೋ ತಿಳಿಯದೆ, ಆ ಕೂಗು ಕೇಳುತ್ತ ಕೂರುವುದು ಹಿತವಾದ ಅನುಭವವಲ್ಲ. ಐದಾರು ಸಲ ಆದ ಮೇಲೆ, ಖಾಲಿ ಇರುವಾಗಲೂ ಅಲ್ಲಿ ಯಾರೋ ಕೂತಿದ್ದಾರೆ ಎಂದು ನನಗೇ ಅನ್ನಿಸಲು ಶುರುವಾಯಿತು. ಸುಳ್ಳು ಮಿಷನ್ನಿಗೆ ಅಷ್ಟು ಶಕ್ತಿ ಇರುತ್ತದೆ.

ಲೆಕ್ಕ ಹಾಕಿದಾಗ: ಹತ್ತರಲ್ಲಿ ಒಂಬತ್ತು ಸಲ ಕೂಗಿತ್ತು. ಕೂಗದೆ ಉಳಿದ ಒಂದೇ ಒಂದು ಸಲ ಅಕ್ಕ ಅಲ್ಲೇ, ಮೂರಡಿ ಆಚೆ, ಕೈಕಟ್ಟಿ ಕೂತಿದ್ದಳು.

“ಅದು ಹಂಗಲ್ಲ ಸಾರ್,” ಎಂದ ಇನ್ನೊಬ್ಬ, “ಮೇಡಂ ಎದ್ದು ಹೋದ ಮೇಲೂ ಕುರ್ಚಿ ಮೇಲೆ ಸಿಗ್ನಲ್ ಉಳ್ಕೊಂಡಿರುತ್ತೆ.”

“ಹಂಗಾದ್ರೆ ಹಲ್ಲು ಕಿತ್ತ ಮೇಲೂ ಉಳ್ಕೊಳುತ್ತೆ ಅನ್ನಿ,” ಎಂದರು ಸಾರ್. “ಅದಿರ್ಲಿ. ಮೊದಲನೇ ಸಲ ಬಂದಿದ್ದು ಹಳದಿ ಗೂಡು. ಆಗ ಈ ತಾಯಿ ಇನ್ನೂ ಕಾರಿಂದಾನೇ ಇಳಿದಿರ್ಲಿಲ್ಲ. ಅವತ್ತಿನವರೆಗೂ ಆ ಕುರ್ಚಿ ಮೇಲೆ ಕೂತಿದ್ದೋನು ನಾನೊಬ್ಬನೇ. ನನ್ನ ಹಲ್ಲು ನೋಡ್ತೀರಾ?” ಎಂದು ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ಪೂರಾ ಕೈಗೆ ತೆಗೆದು ತೋರಿಸಿದರು.

ಅವರು ಹೋದರು. ಧೂಳು ಇಳಿಯಿತು. ನಾನು ಗೆದ್ದ ಹುಮ್ಮಸ್ಸಿನಲ್ಲಿ ಅಕ್ಕನ ಕಡೆ ತಿರುಗಿದೆ. ಅಕ್ಕ ಅದೇ ಕುರ್ಚಿಯಲ್ಲಿ, ಎಡಗೈಯಿಂದ ದವಡೆ ಹಿಡಿದುಕೊಂಡು ಕೂತಿದ್ದಳು.

“ಮಿಷನ್ ಸುಳ್ಳು. ಒಪ್ಪಿದೆ,” ಎಂದಳು. “ಸದ್ದು? ಅದು ಈಗ್ಲೂ ಇದೆಯಲ್ಲ. ಅವರು ಕಳ್ಳರಾದ್ರೆ ನನ್ನ ನೋವು ಸುಳ್ಳಾಗುತ್ತಾ? ಶುಕ್ರವಾರ ಊರಲ್ಲೇ ಯಾರ ಹತ್ರಾನಾದ್ರೂ ಕೀಳಿಸ್ಕೋತೀನಿ. ಇದರ ಜೊತೆ ಬದುಕಕ್ಕಾಗಲ್ಲ.”

ಹತ್ತು ಸಲದ ಪರೀಕ್ಷೆಯಿಂದ ಹೊರಬಿದ್ದದ್ದು ಇಷ್ಟೇ: ಅಕ್ಕ ಈಗ ಮೊದಲಿಗಿಂತ ಒಂಟಿಯಾಗಿದ್ದಳು. ಕಳ್ಳರಾದರೂ ಅವರು ಅವಳ ಮಾತು ನಂಬಿದ್ದವರು.

ಸಾರ್ ಗೋಣಿಚೀಲದ ಪರದೆ ಬಿಚ್ಚಿ ಮಡಚಿಟ್ಟರು. ಆಮೇಲೆ ಹೆಬ್ಬೆರಳು ಒತ್ತಿದರು.

“ನನಗೂ ಕೇಳ್ಸುತ್ತೆ ತಾಯಿ.”

ಅಕ್ಕ ತಲೆ ಎತ್ತಿದಳು.

“ನಿಮ್ಮ ಸದ್ದಲ್ಲ. ನಂದು ಬೇರೆ. ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪು ತಿನ್ನೋ ಸದ್ದು.”

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ತಿನ್ನದೆ ಮಂಕಾಗಿ ಮಲಗುತ್ತದೆ. ಅದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಕಳೆದು ಎದ್ದಾಗ ಅದಕ್ಕೆ ಹಸಿವು ತಡೆಯಲಾಗದು. ಸಾವಿರಾರು ಹುಳ ಒಟ್ಟಿಗೆ ತಿನ್ನುವಾಗ ಎಲೆಯ ಮೇಲೆ ಸಣ್ಣ ಹನಿ ಬಿದ್ದಂತೆ ಸದ್ದು ಬರುತ್ತದೆ. ಆ ದಿನಗಳಲ್ಲಿ ಹೊತ್ತು ಹೊತ್ತಿಗೆ ಸೊಪ್ಪು ಬೀಳಲೇಬೇಕು.

“ನಾನು ಬೆಟ್ಟದ ಮೇಲೆ ಇರ್ತಿದ್ದೆ. ಸಾಕ್ತಿದ್ದೋಳು ಅವಳು. ಅವಳು ಹೋದಾಗ ಈ ತಟ್ಟೆಗಳಲ್ಲೆಲ್ಲ ಹುಳ ಇತ್ತು, ನಾಲ್ಕನೇ ಜ್ವರ ಎದ್ದಿತ್ತು. ಮೂರು ದಿನ ನಾನು ಈ ಬಾಗಿಲು ತೆಗೀಲಿಲ್ಲ. ನೆನಪಾಗಲಿಲ್ಲ. ನೆನಪಾಗಿ ತೆಗ್ದಾಗ...” ಬೆರಳು ಒತ್ತಿಯೇ ಇತ್ತು. “ತಲೆ ಎತ್ಕೊಂಡೇ ಸತ್ತಿದ್ವು. ಹಸಿದ ಹುಳ ತಲೆ ಎತ್ತುತ್ತೆ, ಸೊಪ್ಪು ಮೇಲಿಂದ ಬರುತ್ತೆ ಅಂತ ಅದಕ್ಕೆ ಗೊತ್ತು. ಅವತ್ತಿಂದ ಈ ಮನೆ ಒಳಗೆ ಬಂದ್ರೆ ತಿನ್ನೋ ಸದ್ದು. ಈಗ್ಲೂ. ನಿಮ್ಮ ಹಿಂದಿನ ತಟ್ಟೇಲಿ.”

ಅಕ್ಕ ತಿರುಗಿ ನೋಡಲಿಲ್ಲ. ನಾನು ನೋಡಿದೆ. ಹಸಿ ಸೊಪ್ಪು ಅಲುಗಾಡದೆ ಬಿದ್ದಿತ್ತು.

ಅವರು ಜೇಬಿನಿಂದ ಒಂದು ಹಳೆಯ ನೋಟ್‌ಬುಕ್ ತೆಗೆದು ಅಕ್ಕನ ಕೈಗೆ ಕೊಟ್ಟರು. ಅಲ್ಲಿಗೆ ಬಂದ ಪ್ರತಿಯೊಂದು ಮಿಷನ್ನಿನ ಹೆಸರು, ತಂದವರ ಊರು. ಮುಂದೆ ಎರಡು ಕಾಲಂ: ‘ಮಿಷನ್‌ಗೆ’, ‘ನನಗೆ’. ಮೊದಲನೆಯದರಲ್ಲಿ ಕೆಲವು ಕಡೆ ‘ಇದೆ’, ಕೆಲವು ಕಡೆ ‘ಇಲ್ಲ’. ಎರಡನೆಯದರಲ್ಲಿ ಪುಟದ ಮೇಲೆ ಪುಟ ‘ಇದೆ, ಇದೆ, ಇದೆ.’ ಇಷ್ಟು ವರ್ಷ ಅವರು ಜನರ ಮಿಷನ್ನುಗಳನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ಅಲ್ಲಿ ಪರೀಕ್ಷೆಗೆ ಕೂತಿದ್ದವರು ಅವರೇ. ಮೊದಲು ಏನೂ ಇಲ್ಲದ ಕಡೆ ಹಿಡಿದು ನೋಡಿ, ಪ್ರತಿ ಸಲವೂ ಫೇಲಾಗಿ, ಅದನ್ನು ತಪ್ಪದೆ ಬರೆದಿಟ್ಟಿದ್ದರು.

“ಕಿವಿ ಡಾಕ್ಟ್ರ ಹತ್ರ ಹೋಗಿದ್ರಾ?” ಎಂದಳು ಅಕ್ಕ, ಹೆಡ್ ಮಿಸ್ಸಿನ ದನಿಯಲ್ಲಿ.

“ಹೋಗಿದ್ದೆ. ಕಿವಿ ಮಂದ ಆದಾಗ ಖಾಲಿ ಜಾಗಕ್ಕೆ ತಲೇನೇ ಸದ್ದು ತುಂಬಿಸ್ಕೊಳುತ್ತೆ ಅಂದ್ರು. ಮಿಷನ್ ಕೊಟ್ರು. ಹಾಕ್ಕೊಂಡ್ರೆ ಎಷ್ಟೋ ಜನಕ್ಕೆ ಕಮ್ಮಿ ಆಗುತ್ತಂತೆ.”

“ನಿಮಗೆ?”

“ಇಲ್ಲಿ ಹಾಕ್ಕೊಳಲ್ಲ ತಾಯಿ. ಹಾಕ್ಕೊಂಡು, ಸದ್ದು ನಿಂತೇ ಹೋದ್ರೆ? ಇನ್ನೊಂದ್ಸಲ ಹಸಿದು ಸತ್ತಂಗೆ.” ಬೆರಳು ಸಡಿಲವಾಯಿತು.

ಅಕ್ಕ ನೋಟ್‌ಬುಕ್ ಮುಚ್ಚಿ ವಾಪಸು ಕೊಟ್ಟಳು. ಅವರೇ ಮತ್ತೆ ಒತ್ತಿಕೊಂಡು, ಕಚೇರಿಯ ದನಿಗೆ ಬಂದು, ನಿಯಮ ಹೇಳಿದರು: “ಇಬ್ಬರಿಗೆ ಕೇಳಿಸಿದ್ರೆ ಮಿಷನ್ ತರ್ಸಣ. ಒಬ್ಬರಿಗೇ ಕೇಳಿಸಿದ್ರೆ ಕಿವಿ ಡಾಕ್ಟ್ರು. ಕೇಳ್ಸಿದ್ದನ್ನ ಬಾಯಲ್ಲಿ ಹೇಳ್ಬಾರ್ದು, ಚೀಟೀಲಿ ಬರೀಬೇಕು. ಇಲ್ದಿದ್ರೆ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಅಂಟ್ಕೊಳುತ್ತೆ.” ಅವತ್ತೇ ಮೂವರೂ ಅಕ್ಕನ ಸದ್ದಿನ ಬಗ್ಗೆ ಒಂದೊಂದು ಚೀಟಿ ಬರೆದೆವು. ಅಕ್ಕನದು ‘ಇದೆ’. ನಮ್ಮ ಇಬ್ಬರದೂ ‘ಇಲ್ಲ’. ಅಕ್ಕ ಮೂರನ್ನೂ ಪಕ್ಕ ಪಕ್ಕ ಇಟ್ಟುಕೊಂಡು, ಮಕ್ಕಳ ಉತ್ತರಪತ್ರಿಕೆ ನೋಡುವಂತೆ ಬಹಳ ಹೊತ್ತು ನೋಡಿ, “ಸರಿ” ಎಂದಳು.

ಶುಕ್ರವಾರ ಹಲ್ಲು ಕೀಳಲಿಲ್ಲ. ಚಿಕ್ಕಬಳ್ಳಾಪುರದ ಕಿವಿ ಡಾಕ್ಟರ ಬಳಿಗೆ ನಾನೇ ಕರೆದುಕೊಂಡು ಹೋದೆ. ಅಕ್ಕನ ಎಡಗಿವಿ ಮಂದವಾಗಿತ್ತು. ಮಿಷನ್ ಹಾಕಿಕೊಂಡ ಮೇಲೆ ಸದ್ದು ಪೂರಾ ಹೋಗಲಿಲ್ಲ. ಪಕ್ಕದ ಮನೆಗೆ ಹೋದಷ್ಟು ದೂರ ಹೋಯಿತು. ನಿದ್ದೆ ಬಂತು. ಫೋನ್ ಕುಕ್ಕರಿನಿಂದ ಈಚೆ ಬಂತು, ಕುಕ್ಕರಿನಲ್ಲಿ ಮತ್ತೆ ಬೇಳೆ ಬೆಂದಿತು. ಸ್ಕ್ಯಾನಿಂಗ್‌ನವರು ಮಾತ್ರ ತಿಂಗಳಿಗೊಮ್ಮೆ ಫೋನ್ ಮಾಡಿ, “ಹೊಸ ಮಾಡೆಲ್ ಬಂದಿದೆ ಮೇಡಂ” ಎನ್ನುತ್ತಿದ್ದರು. ಅಕ್ಕ ಬೈಯುತ್ತಿದ್ದಳು. ಆದರೆ ಆ ನಂಬರನ್ನು ಅಳಿಸಿರಲಿಲ್ಲ. ನಾನು ನೋಡಿದ್ದೆ.

ಸಾರ್ ತೀರಿಕೊಂಡು, ಕರ್ಮಗಳೆಲ್ಲ ಮುಗಿದ ಮೇಲೆ, ಅವರ ಮಗಳು ಆ ನೋಟ್‌ಬುಕ್ಕನ್ನು ನನಗೆ ಕೊಟ್ಟಳು. “ಅಪ್ಪ ನಿಮಗೇ ಕೊಡು ಅಂದಿದ್ರು. ಹುಳದ ಮನೆ ಕೆಡವಿಸ್ತೀವಿ ಅಂಕಲ್, ಗೋಡೆ ಬಿರುಕು ಬಿಟ್ಟಿದೆ. ನೋಡೋದಿದ್ರೆ ಒಂದ್ಸಲ ನೋಡ್ಕೊಂಡು ಬನ್ನಿ,” ಎಂದಳು.

ನಾನು ಒಬ್ಬನೇ ಹೋಗುವವನಿದ್ದೆ. ಅಕ್ಕ ಬಿಡಲಿಲ್ಲ. “ಆ ಮನುಷ್ಯನಿಂದ ನನ್ನ ಹಲ್ಲು ಉಳಿದಿದೆ. ನಾನೂ ಬರ್ತೀನಿ ನಡಿ.”

ಬೆಳಗ್ಗೆ ಹನ್ನೊಂದು ಗಂಟೆ. ತೋಟದಲ್ಲಿ ಗಾಳಿ ಇರಲಿಲ್ಲ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಬಾಗಿಲು ತೆಗೆದೆವು. ಅದೇ ತಣ್ಣಗಿನ ಕತ್ತಲೆ, ಅದೇ ಕುರ್ಚಿ. ತಟ್ಟೆಯಲ್ಲಿ ಅವರು ಕೊನೆಯ ಸಲ ಹಾಕಿದ್ದ ಸೊಪ್ಪು ಒಣಗಿ ಕಂದುಬಣ್ಣವಾಗಿತ್ತು. ಹತ್ತಿರ ಹೋಗಿ ನೋಡಿದೆ. ಎಲೆಗಳು ಇಡಿಯಾಗಿದ್ದವು, ಅಂಚು ಕೂಡ ಯಾರೂ ಕಚ್ಚಿರಲಿಲ್ಲ.

ಅಕ್ಕ ತನ್ನ ಕಿವಿಯ ಮಿಷನ್ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಚೀಲದಿಂದ ಎರಡು ಚೀಟಿ, ಎರಡು ಪೆನ್ಸಿಲ್ ತೆಗೆದು, “ಅವರ ಕ್ರಮದಲ್ಲೇ ಆಗಲಿ,” ಎಂದಳು. ನಾವು ಬೆನ್ನಿಗೆ ಬೆನ್ನು ಮಾಡಿ ನಿಂತೆವು.

ಮೊದಲು ಏನೂ ಇರಲಿಲ್ಲ. ಆಮೇಲೆ ಕೇಳಿಸಿತು. ಸಣ್ಣಗೆ, ಎಲೆಯ ಮೇಲೆ ಹನಿ ಉದುರಿದ ಹಾಗೆ. ಮೊದಲು ಕೆಳಗಿನ ತಟ್ಟೆಯಲ್ಲಿ. ಆಮೇಲೆ ಅದರ ಮೇಲಿನದರಲ್ಲಿ. ಆಮೇಲೆ ಅಟ್ಟಣೆಯ ಉದ್ದಕ್ಕೂ. ಆತುರವಿಲ್ಲದೆ, ನಿಲ್ಲಿಸದೆ, ಬಹಳ ಹಸಿದವರು ತಿನ್ನುವ ಹಾಗೆ. ನನ್ನ ಕೈಯಲ್ಲಿ ಪೆನ್ಸಿಲ್ ಇತ್ತು. ಅದನ್ನು ನೋಡುತ್ತ ನಿಂತಿದ್ದಾಗ, ಹೆಬ್ಬೆರಳು ತೋರುಬೆರಳಿನ ಮಗ್ಗುಲಿಗೆ ಒತ್ತಿಕೊಂಡಿರುವುದು ಕಂಡಿತು.

“ಬರ್ದೆಯೇನೋ?” ಎಂದಳು ಅಕ್ಕ.

ತಿರುಗಿ ನೋಡಿದೆ. ಅವಳ ಎಡಗೈ ದವಡೆಯ ಮೇಲಿತ್ತು.

ಬರೆದೆ. ಚೀಟಿ ಬದಲಾಯಿಸಿಕೊಂಡೆವು. ಅಕ್ಕನದು ‘ಇಲ್ಲ’. ನನ್ನದೂ ‘ಇಲ್ಲ’.

ಅಕ್ಕ ದೊಡ್ಡದಾಗಿ ಉಸಿರು ಬಿಟ್ಟು ಕುರ್ಚಿಯಲ್ಲಿ ಕೂತಳು. “ಸದ್ಯ ಕಣಪ್ಪ. ನಿಂಗೇನಾದ್ರೂ ಕೇಳ್ಸಿದ್ರೆ ಅವರಿಗೆ ಕೇಳ್ಸಿದ್ದು ನಿಜ ಅಂತಾಗ್ತಿತ್ತು. ಅವರದ್ದು ನಿಜ ಆದ್ರೆ ನಂದೂ ನಿಜಾನೇ. ಇವತ್ತೇ ಆ ಸೂಟ್‌ಕೇಸಿನವರಿಗೆ ಫೋನ್ ಮಾಡ್ಬೇಕು ಅಂತಿದ್ದೆ.” ಅಲ್ಲೇ ಕೂತು, ಫೋನ್ ತೆಗೆದು, ಆ ನಂಬರನ್ನು ನನ್ನ ಎದುರಿಗೇ ಅಳಿಸಿದಳು. ಅಳಿಸುವಾಗಲೂ ಅವಳ ಹಿಂದಿನ ತಟ್ಟೆಯಲ್ಲಿ ಊಟ ನಡೆದೇ ಇತ್ತು.

ಸರ್ಕಾರಿ ಸೇವೆಯಲ್ಲಿ ನಾನು ಅರ್ಧ ಗುಂಟೆ ತಪ್ಪು ಬರೆದವನು. ಸುಳ್ಳು ಬರೆದದ್ದು ಇದೇ ಮೊದಲು. ಇರುವುದನ್ನು ಇಲ್ಲ ಎಂದರೆ ತಪ್ಪು, ಪಾಪವಲ್ಲ ಎಂಬ ಅವರ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಬಂದೆ. ಅಕ್ಕನನ್ನು ಗೌರಿಬಿದನೂರಿನ ಬಸ್ಸು ಹತ್ತಿಸಿದೆ. ಮನೆಗೆ ಬಂದು ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು, ‘ನನಗೆ’ ಎಂಬ ಕಾಲಮ್ಮಿನಲ್ಲಿ, ಅವರ ಅಕ್ಷರದ ಕೆಳಗೆ, ‘ಇದೆ’ ಎಂದು ಬರೆದು, ನಿಜ ಪ್ರತಿ ಎಂದು ಸಹಿ ಹಾಕಿದೆ.

ಮಾರನೆಯ ದಿನವೇ, ನಿಯಮದ ಪ್ರಕಾರ, ಅದೇ ಕಿವಿ ಡಾಕ್ಟರ ಬಳಿಗೆ ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಎರಡೂ ಕಿವಿಗೆ ಯಾವ ಯಾವುದೋ ಸದ್ದು ಕೇಳಿಸಿ, ಗ್ರಾಫು ತೆಗೆದು, ಡಾಕ್ಟರು ನಗುನಗುತ್ತ ಈಚೆ ಬಂದರು.

“ಈ ವಯಸ್ಸಿಗೆ ಇಷ್ಟು ಒಳ್ಳೆ ಕಿವಿ ನಾನು ನೋಡೇ ಇಲ್ಲ ಸಾರ್. ನಿಮಗೇನೂ ಆಗಿಲ್ಲ.”

ಇಷ್ಟು ಕೆಟ್ಟ ಸುದ್ದಿಯನ್ನು ಅಷ್ಟು ಸಂತೋಷದಿಂದ ಹೇಳಿದವರನ್ನು ನಾನೂ ನೋಡಿರಲಿಲ್ಲ.